ಉಂಗುರಕ್ಕೊಂದು ವಿಮೆ: ಮದುವೆಯ ಬಂಗಾರವನ್ನು ಕಾಯ್ದುಕೊಂಡು ಬಂದ ಬಗೆ

'ವಿಮೆ' ಎಂಬ ಪದ ನಮ್ಮ ಭಾಷೆಯ ಮೂಲ ಪದವಲ್ಲ. ಪಾರಸಿಯಲ್ಲಿ 'ಬೀಮ್' ಎಂದರೆ ಭಯ. ಅದರಿಂದ 'ಬೀಮಾ' ಎಂಬ ಪದ ಹುಟ್ಟಿತು. ಹಿಂದಿಯಲ್ಲಿ ಅದು ಹಾಗೆಯೇ ಉಳಿಯಿತು, ಮರಾಠಿಯಲ್ಲಿ 'ವಿಮಾ' ಆಯಿತು, ಕನ್ನಡದಲ್ಲಿ 'ವಿಮೆ'ಯಾಗಿ ನೆಲೆಸಿತು. ಭಯಕ್ಕೆ ಹೆಸರಾದ ಪದವೇ ಭಯಪರಿಹಾರದ ಉಪಾಯಕ್ಕೂ ಹೆಸರಾದದ್ದು ಅರ್ಥಪೂರ್ಣವಾಗಿದೆ. ನಮ್ಮ ಶಾಸ್ತ್ರಗ್ರಂಥಗಳು ಇದೇ ವಿಷಯವನ್ನು ಇನ್ನೊಂದು ಕಡೆಯಿಂದ ನೋಡಿ 'ಯೋಗಕ್ಷೇಮ' ಎಂದು ಕರೆದವು. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಉಳಿಸಿಕೊಳ್ಳುವುದು ಕ್ಷೇಮ. ಭಾರತೀಯ ಜೀವವಿಮಾ ನಿಗಮವು ತನ್ನ ಲಾಂಛನದ ವಾಕ್ಯವನ್ನು ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಿಂದ ಆರಿಸಿಕೊಂಡದ್ದು ಈ ಕಾರಣಕ್ಕಾಗಿಯೇ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮ ಕಡೆಯ ಜನರಿಗೆ ವಿಮೆ ಅಪರಿಚಿತವೇನೂ ಅಲ್ಲ. ಜೀವವಿಮೆಯ ಏಜೆಂಟರು ನಮ್ಮ ಜಗುಲಿಯ ಮೇಲೆ ಕುಳಿತು ಆಸ್ರಿಗೆ ಕುಡಿದು ಹೋದವರೇ. ಬೈಕು, ಕಾರುಗಳಿಗೆ ವಿಮೆ ಕಡ್ಡಾಯ. 2016ರಿಂದ ಈಚೆಗೆ ಹವಾಮಾನ ಆಧಾರಿತ ಬೆಳೆ ವಿಮೆಯಿಂದಾಗಿ ಅಡಿಕೆ ಬೆಳೆಗಾರರೆಲ್ಲ ಮಳೆಯ ಲೆಕ್ಕವನ್ನೂ ಪರಿಹಾರದ ಲೆಕ್ಕವನ್ನೂ ಒಟ್ಟಿಗೇ ಮಾತನಾಡುವಂತಾಗಿದೆ. ಆದರೆ ಮನೆಯಲ್ಲಿರುವ ಅತಿ ಬೆಲೆಯ, ಅತಿ ಚಿಕ್ಕ, ಅತಿ ಸುಲಭವಾಗಿ ಕಳೆದುಹೋಗುವ ವಸ್ತುವಿಗೆ, ಅಂದರೆ ಮದುವೆಯ ಬಂಗಾರಕ್ಕೆ, ವಿಮೆ ಮಾಡಿಸಿದವರು ಊರಿಗೊಬ್ಬರು ಸಿಕ್ಕಿದರೆ ಹೆಚ್ಚು. ಹಾಗಾದರೆ ಇಷ್ಟು ಕಾಲ ಅದನ್ನು ಕಾಯ್ದವರು ಯಾರು? ಯಾವ ನಂಬಿಕೆಯ ಮೇಲೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ದೊರೆತ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ಉಂಗುರದ ಮಾತು. ನಮ್ಮ ಮದುವೆಗಳಲ್ಲಿ ಕೈಯುಂಗುರಕ್ಕೆ ಶಾಸ್ತ್ರದ ಸ್ಥಾನ ಅಷ್ಟಾಗಿ ಇಲ್ಲ. ಆ ಸ್ಥಾನ ಮಾಂಗಲ್ಯಕ್ಕೆ. ಬೆರಳಿಗೆ ಸಂಬಂಧಿಸಿದ್ದೆಂದರೆ ಬೆಳ್ಳಿಯ ಕಾಲುಂಗುರ. ಕರ್ಮಾಂಗದಲ್ಲಿ ಅನಾಮಿಕೆಗೆ ಹಾಕುವ ಪವಿತ್ರ ದರ್ಭೆಯದು. ಅನುಕೂಲವಿದ್ದವರು ಅದನ್ನೇ ಬಂಗಾರದಲ್ಲಿ ಮಾಡಿಸಿಕೊಂಡರು. ಅಳಿಯನಿಗೆ ಮಾವನ ಮನೆಯಿಂದ ಉಂಗುರ ಕೊಡುವುದು ಮರ್ಯಾದೆಯ ರೂಢಿ. ನಿಶ್ಚಿತಾರ್ಥದ ದಿನ ವಧೂವರರು ಎಲ್ಲರೆದುರು ಉಂಗುರ ಬದಲಾಯಿಸಿಕೊಳ್ಳುವುದು ಮಾತ್ರ ಈಚಿನ ಕೆಲವು ದಶಕಗಳಲ್ಲಿ ಬಂದದ್ದು. ಪ್ರಾಚೀನ ರೋಮಿನಲ್ಲಿ ನಿಶ್ಚಿತ ವಧುವಿಗೆ ಕಬ್ಬಿಣದ ಉಂಗುರ ಕಳುಹಿಸುವ ಪದ್ಧತಿಯಿತ್ತೆಂದು ಪ್ಲಿನಿ ಬರೆದಿದ್ದಾನೆ. ಅದು ಕ್ರೈಸ್ತ ವಿವಾಹಕ್ಕೆ ಬಂದು, ಅಲ್ಲಿಂದ ಸಿನಿಮಾಗಳ ಮೂಲಕ ನಮ್ಮ ಚಪ್ಪರದೊಳಗೂ ಕಾಲಿಟ್ಟಿದೆ. ಬಂದದ್ದರಲ್ಲಿ ತಪ್ಪೇನಿಲ್ಲ. ಆದರೆ ಕೊರಳ ಸರಕ್ಕಿಲ್ಲದ ಒಂದು ಅಪಾಯ ಉಂಗುರಕ್ಕಿದೆ: ಅದು ದಿನಕ್ಕೆ ಹತ್ತು ಸಲ ತೆಗೆದು ಹಾಕುವ ಒಡವೆ. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ, ತೋಟದ ಕೆಲಸಕ್ಕೆ ಇಳಿಯುವಾಗ ತೆಗೆದಿಡುತ್ತೇವೆ. ಬೆರಳು ಸೊರಗಿದರೆ ನಮಗೇ ತಿಳಿಯದಂತೆ ಅದು ಜಾರುತ್ತದೆ.

ಜಾರಿದ ಉಂಗುರದ ಮಹಾಕಥೆಯನ್ನು ಕಾಳಿದಾಸ ಬರೆದಿಟ್ಟಿದ್ದಾನೆ. 'ಅಭಿಜ್ಞಾನ ಶಾಕುಂತಲ'ವನ್ನು ತರಗತಿಯಲ್ಲಿ ಕೇಳಿದ ಎಲ್ಲರಿಗೂ ಶಚೀತೀರ್ಥದಲ್ಲಿ ಶಕುಂತಲೆಯ ಬೆರಳಿನಿಂದ ಉಂಗುರ ಜಾರಿದ್ದು ನೆನಪಿರುತ್ತದೆ. ಆರನೆಯ ಅಂಕದ ಆರಂಭದ ಚಿಕ್ಕ ದೃಶ್ಯ ನೆನಪಿರುವವರು ಕಡಿಮೆ. ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿದ ಬೆಸ್ತನನ್ನು ರಾಜಭಟರು ಕಳ್ಳನೆಂದೇ ಹಿಡಿದು ಬಡಿಯುತ್ತಾರೆ. ಕೊನೆಗೆ ನಿಜ ತಿಳಿದಾಗ ದುಷ್ಯಂತನು ಉಂಗುರದ ಬೆಲೆಗೆ ಸಮನಾದ ಹಣವನ್ನು ಬೆಸ್ತನಿಗೆ ಕೊಡಿಸುತ್ತಾನೆ. ಒಂದೇ ಉಂಗುರಕ್ಕೆ ಇಲ್ಲಿ ಎರಡು ಬೆಲೆ. ಅಕ್ಕಸಾಲಿ ಹೇಳಬಹುದಾದ ಬೆಲೆ ಬೆಸ್ತನ ಕೈಸೇರಿತು. ಶಕುಂತಲೆಯ ಪಾಲಿಗೆ ಅದು ಗುರುತು, ಸಾಕ್ಷಿ, ಅಭಿಜ್ಞಾನ. ಅದರ ಬೆಲೆಯನ್ನು ಯಾರೂ ಕಟ್ಟಿಕೊಡಲಾರರು. ಮುಂದೆ ವಿಮೆಯ ವಿಚಾರ ಬಂದಾಗ ಈ ವ್ಯತ್ಯಾಸ ಮತ್ತೆ ಎದುರಾಗುತ್ತದೆ.

ಕಳೆದುಹೋದ ಅಥವಾ ಕದ್ದುಹೋದ ಒಡವೆಯ ನಷ್ಟವನ್ನು ಯಾರು ಹೊರಬೇಕು? ಈ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರಕಾರರು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದರು. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯದ ಪ್ರಕಾರ ಕಳ್ಳರು ಒಯ್ದ ದ್ರವ್ಯವನ್ನು ರಾಜನು ಪ್ರಜೆಗೆ ಕೊಡಿಸಬೇಕು. ಕಳ್ಳ ಸಿಕ್ಕದಿದ್ದರೆ ರಾಜನು ತನ್ನ ಬೊಕ್ಕಸದಿಂದಲೇ ತುಂಬಿಕೊಡಬೇಕೆಂದು ಧರ್ಮಶಾಸ್ತ್ರಗಳು ಹೇಳುತ್ತವೆ. ಕಳ್ಳನ ಹೆಜ್ಜೆಯ ಜಾಡು ಊರಿನಿಂದ ಹೊರಗೆ ಹೋಗದಿದ್ದರೆ ಆ ಊರಿನ ಒಡೆಯನೇ ಹೊಣೆ. ಜನರಿಂದ ತೆರಿಗೆ ಪಡೆದವನು ಅವರ ಸೊತ್ತಿಗೆ ಜವಾಬ್ದಾರ ಎಂಬುದು ಇದರ ಹಿಂದಿನ ತರ್ಕ. ತೆರಿಗೆಯೇ ಪ್ರೀಮಿಯಂ, ರಾಜನೇ ವಿಮಾ ಕಂಪನಿ ಎಂದರೆ ಹೆಚ್ಚು ತಪ್ಪಾಗಲಾರದು. ಆಚರಣೆಯಲ್ಲಿ ಎಷ್ಟು ರಾಜರು ಬೊಕ್ಕಸ ತೆರೆದರೋ, ಅದು ಬೇರೆ ಮಾತು. ತತ್ತ್ವವಂತೂ ಇತ್ತು.

ಅದೇ ಅಧ್ಯಾಯದಲ್ಲಿ 'ಉಪನಿಧಿ' ಎಂಬ ಪ್ರಕರಣವಿದೆ. ಒಳಗೇನಿದೆ ಎಂದು ಹೇಳದೆ ಮುದ್ರೆಯೊತ್ತಿದ ಪೆಟ್ಟಿಗೆಯನ್ನು ಇನ್ನೊಬ್ಬರಲ್ಲಿ ಇಡುವುದು ಉಪನಿಧಿ. ಇಟ್ಟುಕೊಂಡವನು ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಆದರೆ ರಾಜನಿಂದ, ದೈವದಿಂದ ಅಥವಾ ಕಳ್ಳರಿಂದ ನಷ್ಟವಾದರೆ ಅವನು ಹೊಣೆಗಾರನಲ್ಲ. ಕೇಳಿದಾಗ ಕೊಡದೆ ಸತಾಯಿಸಿ ಆಮೇಲೆ ಕಳೆದರೆ ಮಾತ್ರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಈ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡ ನಾಡಿನವನೇ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಸ್ತ್ರೀಧನದ ವ್ಯಾಪ್ತಿಯನ್ನು ಉದಾರವಾಗಿ ಹಿಗ್ಗಿಸಿದ ಕೀರ್ತಿಯೂ ಅವನಿಗೆ ಸಲ್ಲುತ್ತದೆ. ಆದರೂ ಮೂಲ ಸ್ಮೃತಿಯಲ್ಲಿ ಒಂದು ಕಂಡಿ ಉಳಿದೇ ಇತ್ತು: ಬರಗಾಲದಲ್ಲಿ, ಧರ್ಮಕಾರ್ಯದಲ್ಲಿ, ಕಾಯಿಲೆಯಲ್ಲಿ, ಸೆರೆಯಲ್ಲಿ ಗಂಡನು ಸ್ತ್ರೀಧನವನ್ನು ಬಳಸಿಕೊಂಡರೆ ಹಿಂದೆ ಕೊಡಬೇಕಾಗಿಲ್ಲ. ಕೊಳೆರೋಗ ಬಂದ ವರ್ಷ ಹೆಂಡತಿಯ ಬಳೆ ಅಡವಿಟ್ಟ ನಮ್ಮ ಕಡೆಯ ಎಷ್ಟೋ ಯಜಮಾನರು ಈ ಶ್ಲೋಕವನ್ನು ಓದಿದವರಲ್ಲ. ಆದರೆ ಅದರಂತೆಯೇ ನಡೆದರು.

ಶಾಸ್ತ್ರ ಹೀಗಿದ್ದರೂ ಮನೆಯ ಬಂಗಾರವನ್ನು ಕಾಯ್ದದ್ದು ಮುಖ್ಯವಾಗಿ ಗುಟ್ಟು. ನಡುಮನೆಯ ಮರದ ಪೆಟ್ಟಿಗೆ, ಮೆತ್ತಿನ ಮೇಲಿನ ಭತ್ತದ ಕಣಜ, ದೇವರ ಕೋಣೆಯ ಗೋಡೆಯ ಗೂಡು, ಕೊನೆಗೆ ನೆಲದಲ್ಲಿ ಹೂತ ತಂಬಿಗೆ. ಗುಟ್ಟಿನ ದೋಷವೆಂದರೆ ಅದನ್ನು ಬಲ್ಲವರು ತೀರಿಹೋದರೆ ಗುಟ್ಟೂ ಅವರೊಂದಿಗೆ ಹೋಗುತ್ತದೆ. ಹೂತಿಟ್ಟದ್ದು ಮುಂದೆ ಯಾರಿಗೋ ಸಿಕ್ಕಿದರೆ ಅದು ಮನೆಯ ಒಡವೆಯಾಗಿ ಉಳಿಯದೆ ನಿಧಿ ಎನಿಸುತ್ತದೆ. 1878ರ ನಿಧಿ ಕಾಯಿದೆಯಂತೆ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವನು ಕಲೆಕ್ಟರರಿಗೆ ತಿಳಿಸಲೇಬೇಕು. ಅಜ್ಜಿಯದೇ ಬಂಗಾರವೆಂದು ಮೊಮ್ಮಗ ಹೇಳಿದರೆ ಸಾಲದು, ತೋರಿಸಲು ಪುರಾವೆ ಬೇಕು. ಪುರಾವೆ ಬರೆದಿಟ್ಟರೆ ಗುಟ್ಟು ಒಡೆಯುತ್ತದೆ. ಬರೆಯದಿದ್ದರೆ ಹಕ್ಕು ಅಳಿಯುತ್ತದೆ. ಮದುವೆಯ ಬಂಗಾರದ ಇತಿಹಾಸವಿಡೀ ಈ ಇಕ್ಕಟ್ಟಿನ ನಡುವೆಯೇ ಸಾಗಿದೆ ಎನ್ನಬಹುದು.

ಇನ್ನು ಆಧುನಿಕ ವಿಮೆಯ ಕಡೆಗೆ ಬರೋಣ. ಲಂಡನ್ನಿನ ಲಾಯ್ಡ್ಸ್ ಎಂಬ ವಿಮಾಪೇಟೆ ಹದಿನೇಳನೆಯ ಶತಮಾನದ ಒಂದು ಕಾಫಿ ಅಂಗಡಿಯಲ್ಲಿ ಹುಟ್ಟಿದ್ದು. ಎರಡು ಶತಮಾನಗಳ ಕಾಲ ಅಲ್ಲಿ ಮುಖ್ಯವಾಗಿ ನಡೆದದ್ದು ಹಡಗುಗಳ ವಿಮೆ. 1880ರ ದಶಕದಲ್ಲಿ ಕತ್‌ಬರ್ಟ್ ಹೀತ್ ಎಂಬ ಕಿವಿ ಮಂದವಾಗಿದ್ದ ತರುಣ ಆ ಗೆರೆಯನ್ನು ದಾಟಿದ. ಮನೆಗಳಿಗೆ ಕಳವಿನ ವಿಮೆಯನ್ನು, ಒಡವೆಗಳಿಗೆ ಎಲ್ಲ ಅಪಾಯಗಳನ್ನೂ ಒಳಗೊಂಡ ವಿಮೆಯನ್ನು ಬರೆಯತೊಡಗಿದ. ಬೆಂಕಿಗೆ ಪರಿಹಾರ ಉಂಟು, ಕಳವಿಗೇಕಿಲ್ಲ ಎಂಬುದು ಅವನ ಸರಳ ಪ್ರಶ್ನೆ. 1906ರ ಸಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ, ಪತ್ರದ ಷರತ್ತುಗಳನ್ನು ನೋಡದೆ ತನ್ನ ಎಲ್ಲ ಪಾಲಿಸಿದಾರರಿಗೂ ಪೂರ್ತಿ ಹಣ ಕೊಡಿ ಎಂದು ತಂತಿ ಕಳುಹಿಸಿದವನೂ ಇವನೇ. ಇಂದು ನಿಶ್ಚಿತಾರ್ಥದ ಉಂಗುರಕ್ಕೆ ವಿಮೆ ಮಾಡಿಸುವುದು ಇಂಗ್ಲೆಂಡ್, ಅಮೆರಿಕಗಳಲ್ಲಿ ಸಾಮಾನ್ಯ ಸಂಗತಿ. ಅಲ್ಲಿ ನೆಲೆಸಿದ ನಮ್ಮ ಹುಡುಗರು ಉಂಗುರ ಕೊಂಡ ಬೆನ್ನಿಗೇ ಅದನ್ನು ಮನೆಯ ವಿಮೆಗೆ ಸೇರಿಸುವುದೂ ಉಂಟು.

ಭಾರತದಲ್ಲಿ 1850ರಲ್ಲಿ ಕಲ್ಕತ್ತೆಯಲ್ಲಿ ಟ್ರೈಟನ್ ಕಂಪನಿಯೊಡನೆ ಸಾಮಾನ್ಯ ವಿಮೆ ಆರಂಭವಾಯಿತು. 1874ರಲ್ಲಿ ಮುಂಬಯಿಯಲ್ಲಿ ಓರಿಯೆಂಟಲ್ ಜೀವವಿಮಾ ಕಂಪನಿ ಬಂದಿತು. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗಾಗಿ ಸರ್ಕಾರಿ ಜೀವವಿಮೆಯನ್ನು ಜಾರಿಗೆ ತಂದಿತು. ಇಂದಿಗೂ ರಾಜ್ಯ ಸರ್ಕಾರಿ ನೌಕರರ ಸಂಬಳದಿಂದ ಪ್ರತಿ ತಿಂಗಳೂ ಕಡಿತವಾಗುವ ಕೆ.ಜಿ.ಐ.ಡಿ. ಕಂತಿನ ಮೂಲ ಅದೇ. ನಮ್ಮ ಜಿಲ್ಲೆಗೆ ಮಾತ್ರ ಆ ಭಾಗ್ಯ ಆಗ ಇರಲಿಲ್ಲ. 1862ರಿಂದ 1956ರವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತಕ್ಕೆ ಸೇರಿತ್ತು. 1956ರ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಸ್ಥಾಪನೆಯಾಯಿತು; ಎರಡು ತಿಂಗಳ ನಂತರ, ನವೆಂಬರ್ 1ರಂದು, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಸಾಮಾನ್ಯ ವಿಮೆಯ ರಾಷ್ಟ್ರೀಕರಣ 1972ರ ಕಾಯಿದೆಯಿಂದ ಆಯಿತು. 1973ರ ಜನವರಿ 1ರಿಂದ 107 ಕಂಪನಿಗಳು ಸೇರಿ ನ್ಯಾಷನಲ್, ನ್ಯೂ ಇಂಡಿಯಾ, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕಾದವು. ಆಗ ಒಡವೆಗಳಿಗೆ ವಿಮೆ ಕೊಡಬಲ್ಲವರು ಇವರೇ ಆಗಿದ್ದರು. ಆದರೂ ನಮ್ಮ ಹಳ್ಳಿಗಳಲ್ಲಿ ಅದು ಬೇರೂರಲಿಲ್ಲ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಅದೇ ಕಾಲದಲ್ಲಿ ಬಂಗಾರವೆಂದರೆ ಸರ್ಕಾರಕ್ಕೆ ತೋರಿಸಬಾರದ ವಸ್ತು ಎಂಬ ಭಯ ಜನರಲ್ಲಿ ಹುಟ್ಟಿತ್ತು.

ಆ ಭಯದ ಮೂಲ ಬಂಗಾರ ನಿಯಂತ್ರಣ. 1962ರ ಚೀನಾ ಯುದ್ಧದ ಸಂದರ್ಭದಲ್ಲಿ ದೇಶದ ಹೆಂಗಸರು ಕೈಯ ಬಳೆಗಳನ್ನು ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಮರುವರ್ಷವೇ, 1963ರ ಜನವರಿಯಲ್ಲಿ, ಅರ್ಥಸಚಿವ ಮೊರಾರ್ಜಿ ದೇಸಾಯಿಯವರು ಹದಿನಾಲ್ಕು ಕ್ಯಾರೆಟಿಗಿಂತ ಹೆಚ್ಚು ಶುದ್ಧಿಯ ಹೊಸ ಒಡವೆ ಮಾಡಬಾರದೆಂದು ನಿಯಮ ತಂದರು. ಇಪ್ಪತ್ತೆರಡು ಕ್ಯಾರೆಟ್ಟೆಂದರೆ ನೂರಕ್ಕೆ ಸುಮಾರು 92 ಭಾಗ ಬಂಗಾರ. ಹದಿನಾಲ್ಕೆಂದರೆ 58ರ ಆಸುಪಾಸು. ತಾಳಿಯಲ್ಲಿ ಅರ್ಧಕ್ಕರ್ಧ ತಾಮ್ರ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು; ಜೀವ ಕಳೆದುಕೊಂಡವರೂ ಇದ್ದರು. ನಮ್ಮ ಕಡೆ ತಲೆಮಾರುಗಳಿಂದ ಮನೆಮನೆಯ ಒಡವೆ ಮಾಡಿಕೊಡುತ್ತಿದ್ದ ದೈವಜ್ಞ ಶೇಟರ ಕುಟುಂಬಗಳಿಗೂ ಅದು ಕಷ್ಟಕಾಲವೇ ಆಗಿತ್ತೆಂದು ಹಿರಿಯರು ಹೇಳುತ್ತಿದ್ದರು. 1966ರಲ್ಲಿ ಆ ಮಿತಿಯನ್ನು ಹಿಂತೆಗೆದುಕೊಂಡರೂ 1968ರಲ್ಲಿ ಬಂಗಾರ ನಿಯಂತ್ರಣ ಕಾಯಿದೆ ಬಂದಿತು. ಗಟ್ಟಿ ಬಂಗಾರ ಇಟ್ಟುಕೊಳ್ಳುವುದು ಸಾಮಾನ್ಯರಿಗೆ ನಿಷಿದ್ಧವಾಯಿತು. ನಿಗದಿತ ತೂಕಕ್ಕೆ ಮೀರಿದ ಒಡವೆಗಳನ್ನು ಘೋಷಿಸಬೇಕಾಯಿತು. ಆ ತೂಕದ ಮಿತಿ ಕಿಲೋಗ್ರಾಂ ಲೆಕ್ಕದಲ್ಲಿತ್ತು. ನಮ್ಮ ಕಡೆಯ ಯಾವ ಅಡಿಕೆ ಬೆಳೆಗಾರನಿಗೂ ಅದು ತಟ್ಟುವಂತಿರಲಿಲ್ಲ. ಆದರೆ ಕಾಯಿದೆಯ ಅಕ್ಷರಕ್ಕಿಂತ ಅದರ ಸುದ್ದಿ ದೊಡ್ಡದು. ಶೇಟರಿಂದ ಚೀಟಿ ಕೇಳಬಾರದು, ತೂಕ ಬರೆದಿಡಬಾರದು, ಯಾರಿಗೂ ಹೇಳಬಾರದು ಎಂಬುದು ಮನೆಯ ನೀತಿಯಾಯಿತು. 1990ರಲ್ಲಿ ಕಾಯಿದೆ ರದ್ದಾಯಿತು, ರೂಢಿ ರದ್ದಾಗಲಿಲ್ಲ. ಚೀಟಿಯಿಲ್ಲದ, ತೂಕ ಬರೆಯದ ವಸ್ತುವಿಗೆ ಯಾವ ಕಂಪನಿ ತಾನೇ ವಿಮೆ ಕೊಟ್ಟೀತು?

ಈ ನಡುವೆ ನಮ್ಮ ಬಂಗಾರಕ್ಕೆ ದೊರೆತ ನಿಜವಾದ ಆಸರೆ ಸಹಕಾರಿ ರಂಗದ್ದು. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಮೊಳೆತ ಸಹಕಾರ ಚಳವಳಿ ಬಹು ಬೇಗ ಮಲೆನಾಡಿಗೂ ಹಬ್ಬಿತು. ಶಿರಸಿಯಲ್ಲಿ 1920ರಲ್ಲಿ ಕೆನರಾ ಜಿಲ್ಲಾ ಮಧ್ಯವರ್ತಿ ಸಹಕಾರಿ ಬ್ಯಾಂಕು, 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಆರಂಭವಾದವು. ಬೆಳೆಗಾರನಿಗೆ ಮಂಡಿಯ ಸಾಹುಕಾರನ ಹಂಗು ತಪ್ಪಿತು. ಜೊತೆಗೆ ಬಂಗಾರವನ್ನು ಅಡವಿಟ್ಟು ನ್ಯಾಯವಾದ ಬಡ್ಡಿಗೆ ಸಾಲ ಪಡೆಯುವ ದಾರಿಯೂ ಕಾಲಕ್ರಮದಲ್ಲಿ ತೆರೆಯಿತು. ಇದರಲ್ಲಿ ಒಂದು ಸ್ವಾರಸ್ಯವಿದೆ. ಅಡವಿಟ್ಟ ಬಂಗಾರವನ್ನು ತೂಗುತ್ತಾರೆ, ಒರೆ ಹಚ್ಚುತ್ತಾರೆ, ಬರೆದು ರಸೀದಿ ಕೊಡುತ್ತಾರೆ. 1872ರ ಕರಾರು ಕಾಯಿದೆಯ ಪ್ರಕಾರ ಅಡವು ಹಿಡಿದವನು ಅದನ್ನು ತನ್ನ ಸ್ವಂತ ವಸ್ತುವಿನಷ್ಟೇ ಎಚ್ಚರದಿಂದ ಕಾಯಬೇಕು. ಹೀಗಾಗಿ ಕಷ್ಟಕ್ಕೆ ಅಡವಿಟ್ಟ ಉಂಗುರವು ಪೆಟ್ಟಿಗೆಯಲ್ಲಿಟ್ಟ ಉಂಗುರಕ್ಕಿಂತ ಕಾನೂನಿನ ಕಣ್ಣಿನಲ್ಲಿ ಹೆಚ್ಚು ಭದ್ರವಾಗಿರುತ್ತದೆ.

ಲಾಕರಿನ ವಿಷಯ ಹಾಗಲ್ಲ. ಲಾಕರೆಂದರೆ ಯಾಜ್ಞವಲ್ಕ್ಯನ ಉಪನಿಧಿಯೇ. ಒಳಗೇನಿದೆ ಎಂಬುದು ಬ್ಯಾಂಕಿಗೆ ತಿಳಿಯದು, ತಿಳಿಯಕೂಡದು. ಹಾಗಾಗಿ ಕಳವಾದರೆ ತಮಗೆ ಹೊಣೆಯಿಲ್ಲವೆಂದು ಬ್ಯಾಂಕುಗಳು ಬಹುಕಾಲ ಹೇಳುತ್ತಲೇ ಬಂದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಈ ಧೋರಣೆಯನ್ನು ಒಪ್ಪದೆ, ಸ್ಪಷ್ಟ ನಿಯಮ ಮಾಡುವಂತೆ ರಿಸರ್ವ್ ಬ್ಯಾಂಕಿಗೆ ಸೂಚಿಸಿತು. ಅದೇ ವರ್ಷ ಆಗಸ್ಟಿನಲ್ಲಿ ಬಂದ ನಿಯಮಗಳು 2022ರ ಜನವರಿ 1ರಿಂದ ಜಾರಿಯಾದವು. ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇವುಗಳಿಗೆ ಬ್ಯಾಂಕು ಹೊಣೆ. ಆದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ಭೂಕಂಪ, ಪ್ರವಾಹ, ಸಿಡಿಲಿನಂಥ ದೈವಿಕಕ್ಕೆ ಹೊಣೆಯಿಲ್ಲ. ಒಂಬತ್ತು ನೂರು ವರ್ಷಗಳ ಹಿಂದೆ ವಿಜ್ಞಾನೇಶ್ವರ ವಿವರಿಸಿದ ಪಟ್ಟಿಯಿಂದ 'ಕಳ್ಳರು' ಎಂಬುದನ್ನು ತೆಗೆದು 'ದೈವ'ವನ್ನು ಉಳಿಸಿಕೊಂಡಂತಾಯಿತು! ಲೆಕ್ಕ ಹಾಕಿ ನೋಡಿ: ವರ್ಷಕ್ಕೆ ಎರಡು ಸಾವಿರ ರೂಪಾಯಿ ಬಾಡಿಗೆಯಾದರೆ ಗರಿಷ್ಠ ಪರಿಹಾರ ಎರಡು ಲಕ್ಷ. 2025ರಲ್ಲಿ ಹತ್ತು ಗ್ರಾಂ ಬಂಗಾರದ ಬೆಲೆ ಒಂದು ಲಕ್ಷ ದಾಟಿತು. ಎಂದರೆ ಆ ಪರಿಹಾರ ಎರಡು ತೊಲಕ್ಕೂ ಸಾಲದು. ಲಾಕರಿನಲ್ಲಿರುವ ವಸ್ತುಗಳಿಗೆ ಬ್ಯಾಂಕು ತಾನಾಗಿ ವಿಮೆ ಮಾಡಿಸುವಂತಿಲ್ಲವೆಂದೂ ಅದೇ ನಿಯಮ ಹೇಳುತ್ತದೆ. ಬೇಕಿದ್ದವರು ಸ್ವತಃ ಮಾಡಿಸಿಕೊಳ್ಳಬೇಕು. ಸಹಕಾರಿ ಬ್ಯಾಂಕುಗಳಿಗೂ ಈ ನಿಯಮಗಳು ಅನ್ವಯಿಸುತ್ತವೆ. ಆದರೆ ಬ್ಯಾಂಕಲ್ಲದ ಸಂಘಗಳ ತಿಜೋರಿಯಲ್ಲಿ ಇಡುವವರು ಅಲ್ಲಿನ ಕರಾರನ್ನು ಬೇರೆಯಾಗಿ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ವಿಮೆ ಹೇಗೆ? ಬರಿಯ ಉಂಗುರಕ್ಕೆಂದು ಬೇರೆ ಪಾಲಿಸಿ ನಮ್ಮಲ್ಲಿ ಅಪರೂಪ. ಸಾಮಾನ್ಯವಾಗಿ ಗೃಹವಿಮೆಯ ಒಂದು ಭಾಗವಾಗಿ ಒಡವೆಗಳನ್ನು ಸೇರಿಸುತ್ತಾರೆ. 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಕೊಡಬೇಕಾದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯಲ್ಲಿಯೂ ಒಡವೆಗಳನ್ನು ಒಪ್ಪಿದ ಬೆಲೆಗೆ ಸೇರಿಸಲು ಅವಕಾಶವಿದೆ. ಆದರೆ ಅದು ಮೂಲತಃ ಬೆಂಕಿ, ನೆರೆ, ಭೂಕಂಪಗಳಂಥ ವಿಪತ್ತಿನ ವಿಮೆ. ಮನೆಗಳ್ಳತನಕ್ಕೆ ಬೇರೆ ರಕ್ಷಣೆ ಕೇಳಿ ಪಡೆಯಬೇಕು. ಮೈಮೇಲೆ ಧರಿಸಿ ಊರೂರು ತಿರುಗುವಾಗಲೂ ರಕ್ಷಣೆ ಬೇಕಾದರೆ 'ಆಲ್ ರಿಸ್ಕ್' ಎನ್ನುವ ಬಗೆಯನ್ನೇ ಕೊಳ್ಳಬೇಕು.

ವಿಮೆಯ ಮೂಲತತ್ತ್ವ ನಷ್ಟವನ್ನು ತುಂಬಿಕೊಡುವುದು, ಲಾಭ ಮಾಡಿಕೊಡುವುದಲ್ಲ. ಅದರಿಂದ ಹುಟ್ಟುವ ಒಂದು ಲೆಕ್ಕವನ್ನು ಎಲ್ಲರೂ ತಿಳಿದಿರಬೇಕು. ನಾಲ್ಕು ಲಕ್ಷದ ಒಡವೆಗಳನ್ನು ಎರಡು ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಎನ್ನೋಣ. ಒಂದು ಲಕ್ಷದ ಉಂಗುರ ಹೋಯಿತು. ಪೂರ್ತಿ ಒಂದು ಲಕ್ಷ ಸಿಕ್ಕೀತೆಂದು ನೀವು ತಿಳಿಯುತ್ತೀರಿ. ಆದರೆ ಸರಾಸರಿ ಷರತ್ತು ಇರುವ ಪಾಲಿಸಿಯಲ್ಲಿ ಸಿಗುವುದು ಐವತ್ತು ಸಾವಿರ ಮಾತ್ರ. ಅರ್ಧ ಬೆಲೆಗೆ ಮಾತ್ರ ವಿಮೆ ಮಾಡಿಸಿದ ಕಾರಣ ಉಳಿದ ಅರ್ಧಕ್ಕೆ ನೀವೇ ವಿಮೆಗಾರರು ಎಂಬುದು ಅವರ ತರ್ಕ. ಬಂಗಾರದ ದರ ಏರುತ್ತಲೇ ಇರುವಾಗ ಐದು ವರ್ಷದ ಹಿಂದಿನ ಬೆಲೆಯಲ್ಲಿಯೇ ಪಾಲಿಸಿಯನ್ನು ನವೀಕರಿಸುತ್ತ ಹೋದವರಿಗೆ ಈ ಪೆಟ್ಟು ಬೀಳುತ್ತದೆ.

ಹೊರಗಿಟ್ಟ ಸಂಗತಿಗಳ ಪಟ್ಟಿಯೂ ಮುಖ್ಯ. ಸವೆತ, ಹರಳು ಸಡಿಲವಾಗುವುದು, ಕಾವಲಿಲ್ಲದ ವಾಹನದಲ್ಲಿ ಬಿಟ್ಟದ್ದು, ಮನೆಯವರೇ ಒಯ್ದದ್ದು ಇವಕ್ಕೆಲ್ಲ ಸಾಮಾನ್ಯವಾಗಿ ಪರಿಹಾರವಿಲ್ಲ. ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ನಿಶ್ಚಿತಾರ್ಥದ ಉಂಗುರವನ್ನು ಕಳೆದುಕೊಂಡ. ಮನೆಗೆ ವಿಮೆಯಿತ್ತು, ಉಂಗುರವೂ ಪಟ್ಟಿಯಲ್ಲಿತ್ತು. ಆದರೆ ಎಲ್ಲಿ ಹೋಯಿತು, ಯಾವಾಗ ಹೋಯಿತು ಎಂದು ಹೇಳಲು ಅವನಿಗಾಗಲಿಲ್ಲ. "ಸರ್, ಕದ್ದಿದ್ರೆ ಕೊಡ್ತಿದ್ವಿ, ಬಿದ್ದಿದ್ರೂ ನೋಡ್ಬಹುದಿತ್ತು, ಹೇಗೆ ಹೋಯ್ತು ಅಂತ್ಲೇ ಗೊತ್ತಿಲ್ದಿದ್ರೆ ಹೆಂಗೆ ಅಂತ ಕೇಳ್ತಾರೆ" ಎಂದು ಫೋನಿನಲ್ಲಿ ಹೇಳಿಕೊಂಡ. ಕಾರಣ ತಿಳಿಯದೆ ಕಾಣೆಯಾದದ್ದನ್ನು ಅವನ ಪಾಲಿಸಿ ಹೊರಗಿಟ್ಟಿತ್ತು. ಸಣ್ಣಕ್ಷರದಲ್ಲಿದ್ದರೂ ಅದು ಅಲ್ಲಿಯೇ ಇತ್ತು. ನಮ್ಮ ಮಲೆನಾಡಿನ ಮನೆಗಳಿಗೆ ಇನ್ನೊಂದು ಷರತ್ತು ತೊಡಕಾಗಬಹುದು. ಅನೇಕ ಪಾಲಿಸಿಗಳಲ್ಲಿ ಬೀಗ ಬಾಗಿಲು ಮುರಿದು ಒಳನುಗ್ಗಿದ ಗುರುತಿದ್ದರೆ ಮಾತ್ರ ಅದು ಮನೆಗಳ್ಳತನ. ಹಗಲಿಡೀ ಬಾಗಿಲು ತೆರೆದೇ ಇರುವ, ಜಗುಲಿಗೆ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದಾದ ಮನೆಯಲ್ಲಿ ಮುರಿಯಲು ಏನಿದೆ? ಆತಿಥ್ಯಕ್ಕಾಗಿ ಕಟ್ಟಿದ ಮನೆಗೆ ನಗರದ ಫ್ಲಾಟಿಗಾಗಿ ಬರೆದ ಷರತ್ತು ಹೊಂದುವುದು ಕಷ್ಟ. ಪೊಲೀಸರಿಗೆ ಕೂಡಲೇ ದೂರು ಕೊಡುವುದು, ಪ್ರತಿಯನ್ನು ಇಟ್ಟುಕೊಳ್ಳುವುದು, ಕಂಪನಿಗೆ ಬರಹದಲ್ಲಿ ತಿಳಿಸುವುದು ಅತ್ಯಗತ್ಯ. ಪರಿಹಾರವನ್ನು ಅನ್ಯಾಯವಾಗಿ ನಿರಾಕರಿಸಿದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಮತ್ತು ಅದೇ ಎಲ್ಲಕ್ಕಿಂತ ದೊಡ್ಡದು: ಆ ಬಂಗಾರ ಯಾರದು? ವಿಮೆ ಮಾಡಿಸುವವನಿಗೆ ವಸ್ತುವಿನಲ್ಲಿ ಹಿತಾಸಕ್ತಿ ಇರಬೇಕೆಂಬುದು ವಿಮಾಶಾಸ್ತ್ರದ ನಿಯಮ. ಪಾಲಿಸಿ ಯಜಮಾನನ ಹೆಸರಿನಲ್ಲಿ, ಲಾಕರು ಅತ್ತೆಯ ಹೆಸರಿನಲ್ಲಿ, ರಸೀದಿ ತವರಿನ ತಂದೆಯ ಹೆಸರಿನಲ್ಲಿ. ಧರಿಸುವವಳ ಹೆಸರು ಎಲ್ಲಿಯೂ ಇಲ್ಲ. ಸ್ತ್ರೀಧನವು ಹೆಂಡತಿಯ ಸಂಪೂರ್ಣ ಸೊತ್ತು, ಗಂಡನ ಮನೆಯವರು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರಷ್ಟೇ ಎಂದು ಸುಪ್ರೀಂ ಕೋರ್ಟು 1985ರಲ್ಲಿಯೇ ಸ್ಪಷ್ಟಪಡಿಸಿದೆ. 2024ರ ಏಪ್ರಿಲಿನಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಅದನ್ನೇ ಮತ್ತೆ ಹೇಳಿತು. ಆ ಹೆಣ್ಣುಮಗಳು ತವರಿನಿಂದ 89 ಪವನು ಬಂಗಾರ ತಂದಿದ್ದಳು. ಮದುವೆಯಾದ ಮೊದಲ ರಾತ್ರಿಯೇ ಗಂಡನು ಅದನ್ನು ಭದ್ರವಾಗಿಡುವ ನೆಪದಲ್ಲಿ ತೆಗೆದುಕೊಂಡು ತನ್ನ ತಾಯಿಯ ವಶಕ್ಕೆ ಕೊಟ್ಟ. ಅದು ಮನೆಯ ಸಾಲಕ್ಕೆ ಹೋಯಿತು. ನ್ಯಾಯಾಲಯ ಅವಳಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಗಮನಿಸಬೇಕಾದ ಸಂಗತಿಯೆಂದರೆ ಬಂಗಾರ ಹೋದದ್ದು ಕಳ್ಳನ ಕೈಗಲ್ಲ, 'ಭದ್ರತೆ'ಯ ಕೈಗೆ. ಯಾವ ಪಾಲಿಸಿಯೂ ಇದಕ್ಕೆ ಪರಿಹಾರ ಕೊಡುವುದಿಲ್ಲ. ಬರಗಾಲದ ಕಂಡಿಯನ್ನು ಸ್ಮೃತಿ ತೆರೆದಿಟ್ಟಿತ್ತು. ಇಂದಿನ ಕಾನೂನು ಅದನ್ನೂ ಮುಚ್ಚಿದೆ. ಕಷ್ಟಕಾಲದಲ್ಲಿ ಹೆಂಡತಿಯ ಬಂಗಾರ ಬಳಸಿಕೊಂಡರೂ ಅದನ್ನೋ ಅದರ ಬೆಲೆಯನ್ನೋ ಹಿಂದಿರುಗಿಸುವುದು ಗಂಡನ ನೈತಿಕ ಹೊಣೆ ಎಂದಿದೆ.

ಇಲ್ಲಿಯವರೆಗಿನ ಕಥೆಯಿಂದ ನನಗೆ ಹೊಳೆಯುವುದು ಇಷ್ಟು. ರಾಜ, ಗುಟ್ಟು, ತಿಜೋರಿ, ಲಾಕರು, ವಿಮಾ ಕಂಪನಿ, ನ್ಯಾಯಾಲಯ ಯಾವುದರ ಬಾಗಿಲು ತಟ್ಟಿದರೂ ಕೇಳುವ ಮೊದಲ ಮಾತು ಒಂದೇ: ಬರೆದಿಟ್ಟಿದ್ದೀರಾ? ಆದ್ದರಿಂದ ಮದುವೆಯ ಮನೆಗಳಲ್ಲಿ ಒಂದು ಚಿಕ್ಕ ರೂಢಿ ಬರಲಿ ಎಂಬುದು ನನ್ನ ಬಯಕೆ. ಉಡುಗೊರೆ ಬರೆಯಲು ನೋಟುಪುಸ್ತಕ ಹಿಡಿದು ಒಬ್ಬರನ್ನು ಕೂರಿಸುವುದು ಹೇಗೂ ನಮ್ಮಲ್ಲಿದೆ. ಅದೇ ಪುಸ್ತಕದಲ್ಲಿ ವಧುವಿಗೆ ಬಂದ ಪ್ರತಿಯೊಂದು ಒಡವೆಯ ಹೆಸರು, ತೂಕ, ಕೊಟ್ಟವರು ಯಾರು ಎಂಬುದನ್ನು ಒಂದು ಪುಟದಲ್ಲಿ ಬರೆದು, ಕೆಳಗೆ ಎರಡೂ ಕಡೆಯ ಹಿರಿಯರು ಸಹಿ ಮಾಡಲಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಒಡವೆಯೆಂದು ಮಾರುವುದಕ್ಕೆಲ್ಲ ಅಕ್ಷರ ಅಂಕಿಗಳು ಸೇರಿದ ಆರು ಸ್ಥಾನದ ಗುರುತುಸಂಖ್ಯೆ ಇರಬೇಕು. ಭೂತಗನ್ನಡಿ ಹಿಡಿದು ಅದನ್ನೂ ಬರೆದುಕೊಳ್ಳಲಿ. ಮೊಬೈಲಿನಲ್ಲಿ ಫೋಟೋ ಇರಲಿ. ಆ ಪುಟದ ಒಂದು ಪ್ರತಿ ಹುಡುಗಿಯ ಬಳಿಯೇ ಇರಲಿ. ಅಂಗಡಿಯ ರಸೀದಿ ಅವಳ ಹೆಸರಿಗಾಗಲಿ. ಅವಿಶ್ವಾಸದ ಕೆಲಸ ಇದಲ್ಲ. ತೋಟದ ಪಹಣಿಯನ್ನು ನಾವು ಯಾರ ಮೇಲಿನ ಅವಿಶ್ವಾಸದಿಂದಲೂ ಇಟ್ಟುಕೊಂಡಿಲ್ಲ.

ಆದಾಯ ತೆರಿಗೆಯ ಭಯದಿಂದ ಬರೆಯಲು ಹಿಂಜರಿಯುವವರಿಗೆ ಒಂದು ಮಾತು. ಕೇಂದ್ರೀಯ ನೇರ ತೆರಿಗೆ ಮಂಡಳಿಯ 1994ರ ಸೂಚನೆಯಂತೆ ಶೋಧನೆಯ ಸಂದರ್ಭದಲ್ಲಿಯೂ ವಿವಾಹಿತ ಸ್ತ್ರೀಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷನ 100 ಗ್ರಾಂವರೆಗಿನ ಒಡವೆಗಳನ್ನು ಜಪ್ತಿ ಮಾಡುವುದಿಲ್ಲ. ಮೊರಾರ್ಜಿಯವರ ಕಾಲದ ಭಯವನ್ನು ಇಂದಿಗೂ ಹೊತ್ತು ತಿರುಗಬೇಕಾಗಿಲ್ಲ.

ಮಕ್ಕಳು ದೂರದ ಊರುಗಳಲ್ಲಿದ್ದಾರೆ. ದೊಡ್ಡ ಮನೆಗಳಲ್ಲಿ ವಯಸ್ಸಾದ ಗಂಡಹೆಂಡಿರು ಇಬ್ಬರೇ ಇದ್ದಾರೆ. ಅಂಥವರು ಹೆಚ್ಚಿನ ಬಂಗಾರವನ್ನು ಲಾಕರಿನಲ್ಲಿಟ್ಟು, ದಿನನಿತ್ಯ ಧರಿಸುವ ನಾಲ್ಕು ಒಡವೆಗಳಿಗೆ ಮಾತ್ರ, ಷರತ್ತುಗಳನ್ನು ಓದಿಸಿಕೊಂಡು, ಇಂದಿನ ಬೆಲೆಗೆ ವಿಮೆ ಮಾಡಿಸಿದರೆ ಸಾಕು. ವಿಮೆ ಕೊಡುವುದು ಬಂಗಾರದ ಬೆಲೆಯನ್ನು, ಬೆಸ್ತನಿಗೆ ಸಿಕ್ಕಿದ್ದನ್ನು. ಶಕುಂತಲೆ ಕಳೆದುಕೊಂಡದ್ದನ್ನು ಅದು ಕೊಡಲಾರದು. ಕೊಡುತ್ತೇನೆಂದು ಹೇಳಿಯೂ ಇಲ್ಲ. ಆದರೆ ಕಷ್ಟದ ದಿನ ಒಂದು ತೊಲದ ಬೆಲೆಯೂ ಸಣ್ಣದಲ್ಲ ಎಂಬುದನ್ನು ಅಡಿಕೆಯ ದರ ಬಿದ್ದ ವರ್ಷಗಳನ್ನು ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.